ಅಂಗಿ ಮೇಲಿನ ಬಾವುಟ ಯಾರದ್ದು?

ದಾವಣಗೆರೆಯಿಂದ ಪತ್ರ ಬರೆದಿರುವ ಓದುಗರೇ, ನಿಮ್ಮ ಸಿಟ್ಟು ಅರ್ಥವಾಯಿತು. ಹೋದ ಸಂಚಿಕೆಯಲ್ಲಿ ನಾವು ಬೆಂಗಳೂರಿನ ಓಟವೊಂದರ ಫೋಟೋ ಹಾಕಿದ್ದೆವು, ಕೆನ್ನೆಗೆ ತ್ರಿವರ್ಣ ಬಳಿದುಕೊಂಡು ಓಡುತ್ತಿದ್ದ ಹುಡುಗರದ್ದು. ಕಬಡ್ಡಿ, ಹಾಕಿ ಅಂದರೆ ಎದುರಿಗೆ ಇನ್ನೊಂದು ದೇಶ ಇರುತ್ತದೆ, ಸರಿ; ಒಬ್ಬನೇ ಏದುಸಿರು ಬಿಡುತ್ತಾ ಓಡುವುದರಲ್ಲಿ ದೇಶ ಎಲ್ಲಿಂದ ಬಂತು, ಇದೆಲ್ಲ ಟೀ ಶರ್ಟ್ ಮಾರುವವರ ಆಟ ಅಂತ ಬರೆದಿದ್ದೀರಿ. ಮುಂದಿನ ತಿಂಗಳು ನಿಮ್ಮ ಮಗಳು ಮೊದಲ ಸಲ 10ಕೆ ಓಡುತ್ತಾಳಂತೆ, ಅವಳಿಗೆ ಏನು ಹೇಳಲಿ ಅಂತಲೂ ಕೇಳಿದ್ದೀರಿ.

ಟೀ ಶರ್ಟ್ ವಿಷಯದಲ್ಲಿ ನಾನು ಅರ್ಧ ನಿಮ್ಮ ಕಡೆ. (ಅಂದಹಾಗೆ, 10 ಕಿಲೋಮೀಟರ್ ಓಟ ಮ್ಯಾರಥಾನ್ ಅಲ್ಲ. ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ನಮ್ಮಲ್ಲಿ ಪಾರ್ಕಿಗೆ ನಾಲ್ಕು ಸುತ್ತು ಹೊಡೆದರೂ ಮ್ಯಾರಥಾನ್ ಅಂತಾರೆ, ಬಿಡಿ.) ಆದರೆ ಒಬ್ಬನೇ ಓಡುವುದರಲ್ಲಿ ದೇಶ ಇಲ್ಲ ಅಂದಿರಲ್ಲ, ಅಲ್ಲಿ ನನ್ನ ತಕರಾರಿದೆ.

1936ರ ಆಗಸ್ಟ್ 9, ಬರ್ಲಿನ್ ಒಲಿಂಪಿಕ್ಸ್. ಮ್ಯಾರಥಾನ್ ಗೆದ್ದವನು ಸೋನ್ ಕೀ-ಚಂಗ್, 2 ಗಂಟೆ 29 ನಿಮಿಷ 19 ಸೆಕೆಂಡಿನಲ್ಲಿ. ಮೂರನೆಯವನು ನಾಮ್ ಸಂಗ್-ಯಾಂಗ್. ಇಬ್ಬರೂ ಕೊರಿಯಾದವರು. ಆದರೆ 1910ರಿಂದ ಕೊರಿಯಾ ಜಪಾನಿನ ಕೈಯಲ್ಲಿತ್ತು, ಹಾಗಾಗಿ ಅಂಗಿ ಮೇಲೆ ಇದ್ದದ್ದು ಜಪಾನಿನ ಕೆಂಪು ಸೂರ್ಯ. ಹೆಸರು ಕೂಡ ಸೋನ್ ಕಿತೇಯಿ ಅಂತ ಜಪಾನಿ ಉಚ್ಚಾರಣೆಯಲ್ಲೇ ದಾಖಲಾಯಿತು. ಪದಕದ ಕಟ್ಟೆ ಮೇಲೆ ಜಪಾನಿನ ರಾಷ್ಟ್ರಗೀತೆ ಕೇಳುವಾಗ ಇಬ್ಬರೂ ತಲೆ ತಗ್ಗಿಸಿ ನಿಂತಿದ್ದರು. ಗೆದ್ದವನಿಗೆ ಒಂದು ಓಕ್ ಸಸಿ ಕೊಟ್ಟಿದ್ದರು, ಸೋನ್ ಅದನ್ನು ಎದೆಗೆ ಹಿಡಿದು ಆ ಬಾವುಟವನ್ನು ಮರೆಮಾಡಿದ. ನಾಮ್ ಕೈಯಲ್ಲಿ ಸಸಿ ಇರಲಿಲ್ಲ. ಸೋನ್‌ಗೆ ಸಿಕ್ಕ ಚಿನ್ನಕ್ಕಿಂತ ಆ ಸಸಿ ಕಂಡು ತನಗೆ ಹೊಟ್ಟೆಕಿಚ್ಚಾಯಿತು ಅಂತ ಅವನು ಆಮೇಲೆ ಹೇಳಿಕೊಂಡಿದ್ದಾನೆ.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ತಿಂಗಳು ಕೊರಿಯಾದ ದೊಂಗ್-ಅ ಇಲ್ಬೊ ಪತ್ರಿಕೆ ಸೋನ್ ಫೋಟೋ ಅಚ್ಚು ಹಾಕುವಾಗ ಎದೆ ಮೇಲಿನ ಬಾವುಟವನ್ನು ಅಳಿಸಿಬಿಟ್ಟಿತು. ಪತ್ರಿಕೆಯವರು ಜೈಲು ಸೇರಿದರು, ಪತ್ರಿಕೆ ಸುಮಾರು ಒಂಬತ್ತು ತಿಂಗಳು ಬಂದ್ ಆಯಿತು. ನಾನೂ ಪತ್ರಿಕೆಯವನು, ಫೋಟೋದಲ್ಲಿ ಒಂದು ಚುಕ್ಕೆ ತಿದ್ದುವಾಗಲೂ ಇದು ನೆನಪಾಗುತ್ತದೆ. 1988ರಲ್ಲಿ ಸೋಲ್ ಒಲಿಂಪಿಕ್ಸ್ ನಡೆದಾಗ ಜ್ಯೋತಿ ಹಿಡಿದು ಸ್ಟೇಡಿಯಂ ಒಳಗೆ ಓಡಿ ಬಂದದ್ದು ಇದೇ ಸೋನ್, ಎಪ್ಪತ್ತು ದಾಟಿದ ಮುದುಕ, ಖುಷಿಗೆ ಮಗುವಿನ ಹಾಗೆ ಕುಣಿಯುತ್ತಾ. 1992ರಲ್ಲಿ ಬಾರ್ಸಿಲೋನಾದಲ್ಲಿ ಕೊರಿಯಾದ ಹ್ವಾಂಗ್ ಯಂಗ್-ಚೋ ಚಿನ್ನ ಗೆದ್ದ. ಹಿಂದೆ ಹಾಕಿದ್ದು ಯಾರನ್ನು ಗೊತ್ತಾ? ಜಪಾನಿನ ಓಟಗಾರನನ್ನು. ದಿನ? ಅದೂ ಆಗಸ್ಟ್ 9. ಸೋನ್ ಅಲ್ಲೇ ಕೂತು ನೋಡುತ್ತಿದ್ದರು. ಅವರ ಬರ್ಲಿನ್ ಚಿನ್ನ ಮಾತ್ರ ಒಲಿಂಪಿಕ್ ದಾಖಲೆಯಲ್ಲಿ ಇವತ್ತಿಗೂ ಜಪಾನಿನ ಲೆಕ್ಕದಲ್ಲೇ ಇದೆ.

ಇಥಿಯೋಪಿಯಾದ ಅಬೆಬೆ ಬಿಕಿಲಾ ಕಥೆ ನೀವು ಕೇಳಿರಬಹುದು, 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ ಓಡಿ ಗೆದ್ದವನು. ಬರಿಗಾಲಿನ ಮಾತೇ ಜಾಸ್ತಿ ಆಗಿ ಇನ್ನೊಂದು ಮರೆತುಹೋಗಿದೆ. ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋಗಿದ್ದ ಇಟಲಿಯವರು ಅಕ್ಸುಮ್‌ನ ಕಲ್ಲಿನ ಕಂಬವೊಂದನ್ನು ರೋಮ್‌ಗೆ ಹೊತ್ತು ತಂದಿದ್ದರು. ಓಟದ ದಾರಿ ಅದರ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಅಲ್ಲಿಂದಲೇ ಜೋರು ಮಾಡಬೇಕು ಅಂತ ಅಬೆಬೆ ಮೊದಲೇ ಗುರುತು ಮಾಡಿಕೊಂಡಿದ್ದ. ಹಾಗೇ ಮಾಡಿದ. ಆ ಕಂಬ ಊರಿಗೆ ವಾಪಸ್ ಹೋಗಿದ್ದು 2005ರಲ್ಲಿ. ಈಗ ಆಡಿಸ್ ಅಬಾಬಾದಲ್ಲಿ ಪ್ರತಿವರ್ಷ ಸಾವಿರಾರು ಜನ ಹಾಡು ಹೇಳುತ್ತಾ, ಕುಣಿಯುತ್ತಾ 10 ಕಿಲೋಮೀಟರ್ ಓಡುತ್ತಾರೆ, ಒಂದೇ ಥರದ ಟೀ ಶರ್ಟ್ ಹಾಕಿಕೊಂಡು. ಅದಕ್ಕೇ ಹೇಳಿದ್ದು, ಟೀ ಶರ್ಟ್ ವಿಷಯದಲ್ಲಿ ಅರ್ಧ ಮಾತ್ರ ನಿಮ್ಮ ಕಡೆ ಅಂತ.

ನಮ್ಮದು? ಮುಂಬೈ ಮ್ಯಾರಥಾನ್ 2004ರಲ್ಲಿ ಶುರುವಾಯಿತು, ಬೆಂಗಳೂರಿನ 10ಕೆ 2008ರಲ್ಲಿ. ಜನ ಜಾತ್ರೆಗೆ ಬಂದ ಹಾಗೆ ಬರುತ್ತಾರೆ, ಬರಲಿ. ಆದರೆ ಬಾವುಟ ಹಿಡಿದ ಹತ್ತು ಜನರನ್ನು ನಿಲ್ಲಿಸಿ ಶಿವನಾಥ್ ಸಿಂಗ್ ಯಾರು ಅಂತ ಕೇಳಿ ನೋಡಿ. ಬಿಹಾರದ ಹಳ್ಳಿಯಿಂದ ಸೈನ್ಯ ಸೇರಿದವರು, 1976ರ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 11ನೆಯವರು. 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಓಡಿ ಮುಗಿಸಿದರು. ಆ ರಾಷ್ಟ್ರೀಯ ದಾಖಲೆಯನ್ನು 40 ವರ್ಷ ಕಳೆದರೂ ಯಾರಿಗೂ ಮುರಿಯಲಾಗಲಿಲ್ಲ. ನೀವು ಸಿಟ್ಟಾಗುವುದಾದರೆ ಇದಕ್ಕೆ ಆಗಿ, ಜೊತೆಗೆ ನಾನೂ ಇರುತ್ತೇನೆ. ಕೆನ್ನೆಯ ಬಣ್ಣ ಮುಖ ತೊಳೆದರೆ ಹೋಗುತ್ತದೆ, ಮಕ್ಕಳ ಖುಷಿ, ಸುಮ್ನೆ ಬಿಟ್ಟುಬಿಡಿ.

ಇನ್ನು ಮಗಳಿಗೆ ಏನು ಹೇಳಬೇಕು ಅಂದರೆ, ಓಟದ ದಿನ ಹೊಸ ಶೂ ಹಾಕಬೇಡ ಅಂತ ಹೇಳಿ. ಅಬೆಬೆ ರೋಮ್‌ನಲ್ಲಿ ಬರಿಗಾಲಲ್ಲಿ ಓಡಿದ್ದು ಹೊಸ ಶೂ ಕಾಲಿಗೆ ಸರಿಹೋಗದೆ.