ವಾಟಾ, ವಾಡರ್, ವಾ-ಅ: ಯಾವ್ದು ಸರಿ?

ಪ್ರಶ್ನೆ: ಇಂಗ್ಲಿಷ್ ಓದೋಕೆ ಬರೆಯೋಕೆ ನಂಗೇನೂ ತೊಂದ್ರೆ ಇಲ್ಲ. ಆದ್ರೆ ಬೇರೆ ಬೇರೆ ದೇಶದವರ ಜೊತೆ ಆನ್‌ಲೈನ್ ಮೀಟಿಂಗ್ ಇದ್ರೆ ಅರ್ಧ ತಲೆ ಮೇಲೆ ಹೋಗುತ್ತೆ. ಅಮೆರಿಕದವರು ವಾಟರ್‌ಗೆ ವಾಡರ್ ಅಂತಾರೆ, ಲಂಡನ್‌ನವರೊಬ್ರು ಮಧ್ಯದ ಟ ನೇ ನುಂಗ್ತಾರೆ, ಸ್ಕಾಟ್ಲೆಂಡ್‌ನವರು ಮಾತಾಡೋದು ಇಂಗ್ಲಿಷೇನಾ ಅನ್ಸುತ್ತೆ. ಇದ್ರಲ್ಲಿ ಸರಿಯಾದ್ದು ಯಾವ್ದು?

ಉತ್ತರ: ಸರಿ ತಪ್ಪು ಆಮೇಲೆ ನೋಡೋಣ, ಮೊದ್ಲು ಎದುರಿನವರು ರ ಹೇಳ್ತಾರಾ ಇಲ್ವಾ ಅಂತ ಕಿವಿಗೊಟ್ಟು ಕೇಳಿ, ಅರ್ಧ ಗೊಂದಲ ಅಲ್ಲೇ ಕಮ್ಮಿ ಆಗುತ್ತೆ. ಇಂಗ್ಲೆಂಡಿನ ಬಹುಪಾಲು ಜನ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಕಾರ್‌ಗೆ ಕಾ, ಪಾರ್ಕ್‌ಗೆ ಪಾಕ್ ಅಂತಾರೆ. ಅಮೆರಿಕ, ಕೆನಡಾ, ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಹೆಚ್ಚಿನವರು ರ ಬಿಡಲ್ಲ. ಅಮೆರಿಕದವರು ರ ಸೇರಿಸ್ಕೊಂಡ್ರು ಅಂದ್ಕೋಬೇಡಿ, ಹಳೇ ಇಂಗ್ಲಿಷಲ್ಲಿ ಎಲ್ರೂ ಹೇಳ್ತಿದ್ರು, ಬಿಟ್ಟಿದ್ದು ಲಂಡನ್ ಕಡೆಯವರು. ಜಾನ್ ವಾಕರ್ ಅನ್ನೋರು 1791ರ ಉಚ್ಚಾರಣೆ ನಿಘಂಟಲ್ಲೇ ಲಂಡನ್‌ನವರ ಬಾಯಲ್ಲಿ ಈ ರ ಹೆಚ್ಚುಕಮ್ಮಿ ಆ ಆಗಿದೆ ಅಂತ ಬರೆದಿದ್ರು. ತಮಾಷೆ ಅಂದ್ರೆ ಇದೇ ಜನ ಇಲ್ಲದ ಕಡೆ ರ ತಂದು ಹಾಕ್ತಾರೆ, ಲಾ ಅಂಡ್ ಆರ್ಡರ್ ಹೋಗಿ ಲಾರಂಡ್ ಆಡಾ ಆಗುತ್ತೆ!

ಈಗ ನಿಮ್ಮ ಸರಿ ತಪ್ಪಿಗೆ ಬರೋಣ. ಇಂಗ್ಲೆಂಡಲ್ಲಿ ರ ಬಿಟ್ಟು ಮಾತಾಡೋದೇ ಮೇಲ್ಮಟ್ಟದ ಉಚ್ಚಾರಣೆ, ಅದೇ ನ್ಯೂಯಾರ್ಕಲ್ಲಿ ಉಲ್ಟಾ. ವಿಲಿಯಂ ಲಬೋವ್ ಅನ್ನೋ ಭಾಷಾ ವಿಜ್ಞಾನಿ 1962ರಲ್ಲಿ ಅಲ್ಲಿನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ನಾಲ್ಕನೇ ಮಹಡಿಲಿರೋ ಸಾಮಾನು ಎಲ್ಲಿದೆ ಅಂತ ಕೆಲಸದವರನ್ನ ಕೇಳ್ತಾ ಹೋದ್ರು, ಫೋರ್ತ್ ಫ್ಲೋರ್ ಅಂತ ಉತ್ತರ ಬಂದ್ರೆ ಕೇಳಿಸ್ಲಿಲ್ಲ ಅನ್ನೋ ಥರ ನಟಿಸಿ ಇನ್ನೊಂದ್ಸಲ ಹೇಳಿಸ್ತಿದ್ರು. ದುಬಾರಿ ಅಂಗಡಿಲಿ ರ ಜಾಸ್ತಿ, ಅಗ್ಗದ ಅಂಗಡಿಲಿ ಕಮ್ಮಿ. ಅಂದ್ರೆ ಒಂದೇ ಅಕ್ಷರ ಒಂದೂರಲ್ಲಿ ಮೇಲು, ಇನ್ನೊಂದೂರಲ್ಲಿ ಕೀಳು, ಇದ್ರಲ್ಲಿ ಭಾಷೆ ಸರಿ ತಪ್ಪು ಏನ್ ಬಂತು, ಮಾತಾಡೋರ ಅಂತಸ್ತು ಅಷ್ಟೇ.

ವಾಡರ್‌ನಲ್ಲಿರೋದು ನಿಜವಾಗ್ಲೂ ಡ ಅಲ್ಲ, ನಾಲಗೆ ತುದಿ ಒಂದ್ಸಲ ತಟ್ಟಿ ಹೋಗುತ್ತೆ, ಕನ್ನಡದ ರ ಗೇ ಹತ್ರ ಇದೆ, ಹಾಗಾಗಿ ಅವರ ಬಾಯಲ್ಲಿ ಬರೆಯೋ ರೈಟರ್ರೂ ಸವಾರಿ ಮಾಡೋ ರೈಡರ್ರೂ ಸುಮಾರು ಒಂದೇ. ಲಂಡನ್‌ನವರು ಟ ನುಂಗೋದೂ ಹೊಸದೇನಲ್ಲ ನಮ್ಗೆ. ಬೇಡ ಅನ್ನೋಕೆ ಊಂ-ಊಂ ಅಂತೀವಲ್ಲ, ಮಧ್ಯೆ ಗಂಟಲು ಒಂದು ಕ್ಷಣ ಮುಚ್ಚುತ್ತೆ ನೋಡಿ, ಟ ಜಾಗದಲ್ಲಿ ಅದೇ ಇರೋದು.

ಸ್ವರಗಳದ್ದು ಇನ್ನೊಂದು ಕಥೆ. ಉತ್ತರ ಇಂಗ್ಲೆಂಡಲ್ಲಿ ಬಸ್ ಅನ್ನೋದು ಬುಸ್, ಈ ಸ್ವರದ ಹಳೇ ಉಚ್ಚಾರಣೆ ಅದೇ, ಬದಲಾಗಿದ್ದು ದಕ್ಷಿಣದವರು. ನ್ಯೂಜಿಲೆಂಡಲ್ಲಿ ಒಂದೇ ಬೆಂಚಲ್ಲಿ ಕೂತೋರು ಒಬ್ರು ಸರಿದ್ರೆ ಎಲ್ರೂ ಸರೀತಾರಲ್ಲ ಹಾಗೆ ಆಗಿದೆ. ಪ್ಯಾನ್ ಅಂದ್ರೆ ಪೆನ್ ಥರ ಕೇಳುತ್ತೆ, ಪೆನ್ ಪಿನ್ ಥರ, ಇನ್ನು ಪಿನ್ನಿಗೆ ಜಾಗ ಇಲ್ದೆ ಪನ್ ಕಡೆಗೆ ಜರುಗಿದೆ. ಅದಕ್ಕೇ ಒಂದೊಂದೇ ಪದ ಬಾಯಿಪಾಠ ಮಾಡ್ಬೇಡಿ, ಈ ಜರುಗಾಟ ಒಂದ್ಸಲ ಹಿಡಿದ್ರೆ ಮಿಕ್ಕಿದ್ದೆಲ್ಲಾ ತಾನಾಗೇ ಸಿಗುತ್ತೆ.

ಸ್ಕಾಟ್ಲೆಂಡ್‌ನವರಿಗೆ ಹೆದರೋದಂತೂ ಬೇಡವೇ ಬೇಡ, ಅವರ ರ, ಏ, ಓ ಎಲ್ಲಾ ಕನ್ನಡಕ್ಕೇ ಹತ್ರ, ನನ್ನ ಕೇಳಿದ್ರೆ ನಮ್ಗೆ ಅದೇ ಸುಲಭ ಆಗ್ಬೇಕು, ಕಷ್ಟ ಅನ್ಸೋದು ಸ್ಪೀಡಿಗೆ ಮತ್ತೆ ಚಿಕ್ಕದಕ್ಕೆ ವೀ, ಹೌದು ಅನ್ನೋಕೆ ಐ ಅನ್ನೋ ಥರದ ಪದಗಳಿಗೆ.

ನೀವು ಯಾರದ್ದೂ ಅನುಕರಣೆ ಮಾಡ್ಬೇಕಿಲ್ಲ. ನಿಮ್ಮ ಮಾತು ಅವರಿಗೆ ಅರ್ಥ ಆಗ್ದೇ ಇದ್ರೆ ಕಾರಣ ಹೆಚ್ಚಾಗಿ ಒತ್ತು ಎಲ್ಲಿ ಬೀಳುತ್ತೆ ಅನ್ನೋದು, ಡೆವಲಪ್‌ನಲ್ಲಿ ವೆ ಮೇಲೆ ಒತ್ತಬೇಕು, ಡೆ ಮೇಲಲ್ಲ. ಕೇಳಿಸ್ಕೊಳ್ಳೋವಾಗ್ಲೂ ಒಂದು ಕಡೆ ಹುಷಾರಾಗಿರಿ. ಅಮೆರಿಕದವರು ಆಗುತ್ತೆ ಅನ್ನೋವಾಗ ಐ ಕನ್ ಡೂ ಅಂತ ಹಾರಿಸ್ತಾರೆ, ಆಗಲ್ಲ ಅನ್ನೋವಾಗ ಕೊನೇ ಟ ನುಂಗಿ ಕ್ಯಾನ್ ಅಂತ ಒತ್ತಿ ಹೇಳ್ತಾರೆ. ನಾನು ಅದೇ ಒತ್ತು ಕೇಳಿ ಖಂಡಿತ ಮಾಡ್ತಾರೆ ಅಂದ್ಕೊಂಡು ಎರಡು ದಿನ ಕಾದಿದೀನಿ, ಈಗ ನಾಚಿಕೆ ಬಿಟ್ಟು ಯೆಸ್ಸಾ ನೋ ನಾ ಅಂತ ಕೇಳ್ಬಿಡ್ತೀನಿ.