ವಾದ್ಯವಿಲ್ಲದ ಮನೆಯಲ್ಲಿ ಮಕ್ಕಳಿಗೆ ಆಡಿಸಬಹುದಾದ ಸಂಗೀತದ ಆಟಗಳು

ಮಗಳಿಗೆ ಐದು ವರ್ಷ, ಮಗನಿಗೆ ಒಂಬತ್ತು, ಬೇಸಿಗೆ ರಜೆ, ಮನೆಯಲ್ಲಿ ಒಂದು ವಾದ್ಯವೂ ಇಲ್ಲ, ನನಗೂ ಸಂಗೀತ ಬಾರದು, ಇಬ್ಬರನ್ನೂ ಮೊಬೈಲ್ ಮುಂದಿನಿಂದ ಎಬ್ಬಿಸುವಂಥ ಸಂಗೀತದ ಆಟಗಳಿದ್ದರೆ ಹೇಳಿ ಎಂದು ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಬೇಸಿಗೆ ಶಿಬಿರಗಳಲ್ಲಿ ಪಾಠಕ್ಕಿಂತ ಹೆಚ್ಚಾಗಿ ಆಡಿಸುವುದೇ ನನ್ನ ಕೆಲಸ. ಸಂಗೀತದ ಆಟ ಎಂದರೆ ಮಗುವಿನಿಂದ ಹಾಡಿಸುವುದು ಎಂದು ಎಷ್ಟೋ ಜನ ತಂದೆ ತಾಯಿ ತಿಳಿದುಕೊಂಡಿರುತ್ತಾರೆ. ಮೊದಲು ಎಚ್ಚರಗೊಳ್ಳಬೇಕಾದದ್ದು ಕಿವಿ. ಕಿವಿ ತೆರೆದುಕೊಂಡ ಮಗುವಿಗೆ ತಾಳ ಕೈಗೆ ಬರುತ್ತದೆ, ಶ್ರುತಿ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರ, ಗಂಟಲಿಗೆ ಬರುತ್ತದೆ. ಹಾಗಾಗಿ ನಿಮಗೆ ಹಾಡಲು ಬಾರದಿರುವುದು ಇಲ್ಲಿ ಅಡ್ಡಿಯೇ ಅಲ್ಲ. ಮಕ್ಕಳ ಜೊತೆ ನೆಲದ ಮೇಲೆ ಕುಳಿತು ಕೇಳಿಸಿಕೊಳ್ಳುವ ತಾಳ್ಮೆ ಇದ್ದರೆ ಸಾಕು.

ತಾಳದಿಂದ ಶುರು ಮಾಡಿ. ಅದಕ್ಕೆ ಬೇಕಾದದ್ದು ಒಂದು ಅಂಗೈ, ಒಂದು ತೊಡೆ. ಆದಿತಾಳದ ಎಂಟು ಎಣಿಕೆಯನ್ನು ಮೊದಲ ಸಂಜೆಯೇ ಕಲಿಸಬಹುದು: ತೊಡೆಯ ಮೇಲೆ ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಮತ್ತೆ ಒಂದು ತಟ್ಟು, ಅಂಗೈ ತಿರುಗಿಸಿ ಒಂದು ಬೀಸು, ಇನ್ನೊಂದು ತಟ್ಟು, ಇನ್ನೊಂದು ಬೀಸು. ಐದು ವರ್ಷದ ಮಗುವಿಗೆ ಉಂಗುರದ ಬೆರಳು ಬೇರೆಯಾಗಿ ಏಳುವುದಿಲ್ಲ, ಪಕ್ಕದ ಬೆರಳನ್ನೂ ಎಳೆದುಕೊಂಡೇ ಬರುತ್ತದೆ. ಅದನ್ನು ತಿದ್ದಬೇಡಿ. ಎಣಿಕೆ ಸಮವಾಗಿ ಹೋಗುತ್ತಿದೆಯೇ ಎಂಬುದನ್ನಷ್ಟೇ ಗಮನಿಸಿ.

ಮೃದಂಗ ಕಲಿಯುವವರು ಬಾರಿಸುವ ಮೊದಲು ಬಾಯಲ್ಲಿ ಹೇಳುವ ಸೊಲ್ಲುಗಳಿವೆಯಲ್ಲ, ತಕಿಟ ಎಂದರೆ ಮೂರು, ತಕಧಿಮಿ ಎಂದರೆ ನಾಲ್ಕು. ಈ ಸೊಲ್ಲುಗಳ ಜಾಗದಲ್ಲಿ ನಾನು ತಿಂಡಿಗಳನ್ನು ಕೂರಿಸುತ್ತೇನೆ. ಮೂರಕ್ಕೆ ಚಕ್ಕುಲಿ, ನಾಲ್ಕಕ್ಕೆ ಕೋಡುಬಳೆ. ಒಂದೊಂದು ಅಕ್ಷರಕ್ಕೆ ಒಂದೊಂದು ತಟ್ಟು, ಪದದ ಮೊದಲ ಅಕ್ಷರಕ್ಕೆ ಸ್ವಲ್ಪ ಒತ್ತು. ಬಿಸಿ ಚಕ್ಕುಲಿ ಎಂದರೆ ತಕ ತಕಿಟ, ಐದು. ಚಕ್ಕುಲಿ ಕೋಡುಬಳೆ ಎಂದರೆ ತಕಿಟ ತಕಧಿಮಿ, ಏಳು. ಕೋಡುಬಳೆ ಬಿಸಿ ಚಕ್ಕುಲಿ ಎಂದರೆ ತಕಧಿಮಿ ತಕ ತಕಿಟ, ಒಂಬತ್ತು. ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಐದು ಜಾತಿಗಳು, ಅಂದರೆ ಲಯದ ಎಣಿಕೆಯ ಬಗೆಗಳು, ಹೀಗೆ ಅಡುಗೆಮನೆಯ ಡಬ್ಬಿಗಳಿಂದಲೇ ಹೊರಬಂದವು. ಹೆಸರುಗಳನ್ನು ಈಗ ಹೇಳಬೇಕಾಗಿಲ್ಲ. ಮಕ್ಕಳು ತಾವೇ ಹೊಸ ತಿಂಡಿ, ಹೊಸ ಊರು, ಗೆಳೆಯರ ಹೆಸರು ಹುಡುಕಿಕೊಂಡು ಬರುತ್ತಾರೆ, ಅವು ಎಷ್ಟರ ಲೆಕ್ಕಕ್ಕೆ ಬರುತ್ತವೆ ಎಂದು ಜಗಳವನ್ನೂ ಆಡುತ್ತಾರೆ. ಆ ಜಗಳ ನನಗೆ ಬಹಳ ಇಷ್ಟ.

ಇದು ಪಳಗಿದ ಮೇಲೆ ನಿಮ್ಮ ಇಬ್ಬರಿಗೂ ಹೇಳಿ ಮಾಡಿಸಿದಂಥ ಒಂದು ಆಟ ಉಂಟು. ಮಗ ಚಕ್ಕುಲಿ ಚಕ್ಕುಲಿ ಎನ್ನುತ್ತಾ ಹೋಗಲಿ, ಮಗಳು ಅದೇ ವೇಗದಲ್ಲಿ ಕೋಡುಬಳೆ ಕೋಡುಬಳೆ ಎನ್ನಲಿ. ಇಬ್ಬರೂ ಒಟ್ಟಿಗೇ ಹೊರಡುತ್ತಾರೆ, ಮರುಕ್ಷಣವೇ ಬೇರೆಯಾಗುತ್ತಾರೆ, ಹನ್ನೆರಡು ಅಕ್ಷರ ಮುಗಿದ ಕೂಡಲೇ ಮತ್ತೆ ಒಂದಾಗುತ್ತಾರೆ: ನಾಲ್ಕು ಚಕ್ಕುಲಿಗೆ ಮೂರು ಕೋಡುಬಳೆ. ಕೂಡಿದ ಜಾಗದಲ್ಲಿ ಇಬ್ಬರೂ ಎದುರುಬದುರಾಗಿ ಒಂದು ಚಪ್ಪಾಳೆ ಹೊಡೆಯಬೇಕು. ಮೊದಮೊದಲು ಒಬ್ಬರ ಪದ ಇನ್ನೊಬ್ಬರ ಬಾಯಿಗೆ ಹತ್ತಿಕೊಳ್ಳುತ್ತದೆ. ಚಿಕ್ಕವಳಿಗೆ ಕಷ್ಟವಾದರೆ ಅವಳು ಬರೀ ಸಮ ತಟ್ಟು ಹಾಕಲಿ, ಕೋಡುಬಳೆ ನೀವು ಹೇಳಿ. ನಂತರ ದೊಡ್ಡವನಿಗೆ ಆದಿತಾಳ ಹಾಕುತ್ತಲೇ ಚಕ್ಕುಲಿ ಹೇಳಲು ಬಿಡಿ. ಎಂಟು ಚಕ್ಕುಲಿ ಮುಗಿಯುವಾಗ ತಾಳದ ಮೂರು ಆವರ್ತ, ಅಂದರೆ ಮೂರು ಸುತ್ತು, ಮುಗಿದು ಎರಡೂ ತಟ್ಟಿನ ಮೇಲೆ ಬಂದು ಕೂರುತ್ತವೆ. ಕಚೇರಿಯಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದ ಕೊನೆಯಲ್ಲಿ ಮೃದಂಗದವರು ಮುಕ್ತಾಯ ಮಾಡಿದಾಗ ಸಭೆಯೆಲ್ಲ ಚಪ್ಪಾಳೆ ಹೊಡೆಯುವುದು ಇಂಥ ಲೆಕ್ಕ ಕೂಡಿದ ಸಂತೋಷಕ್ಕೇ.

ಮೌನದ ಆಟವನ್ನೂ ಆಡಿಸಿ. ಎಲ್ಲರಿಗೂ ಬರುವ ಯಾವುದಾದರೂ ಹಾಡನ್ನು ತಾಳ ಹಾಕುತ್ತಾ ಹೇಳುವುದು. ನೀವು ಬೆರಳನ್ನು ತುಟಿಗೆ ತಂದಾಗ ಬಾಯಿಗೆ ಬೀಗ, ಆದರೆ ತಾಳ ನಿಲ್ಲುವಂತಿಲ್ಲ, ಹಾಡು ಮನಸ್ಸಿನೊಳಗೇ ಮುಂದುವರಿಯಬೇಕು. ಬೆರಳು ತೆಗೆದಾಗ ಹಾಡು ಎಲ್ಲಿಗೆ ಬಂದಿದೆಯೋ ಅಲ್ಲಿಂದ ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳಬೇಕು. ಒಳಗಿವಿಗೆ ಇದಕ್ಕಿಂತ ಒಳ್ಳೆಯ ಸಾಧನೆ ನಾನು ಕಂಡಿಲ್ಲ.

ಇನ್ನು ಸ್ವರ. ಅಂಗಳದಲ್ಲಿ ಸೀಮೆಸುಣ್ಣದಿಂದ ಹದಿಮೂರು ಮನೆಗಳ ಕುಂಟೆಬಿಲ್ಲೆ ಬರೆಯಿರಿ, ಎಲ್ಲ ಒಂದೇ ಅಳತೆ, ಒಂದೇ ಸಾಲು. ಮೊದಲ ಮನೆ ಕೆಳಗಿನ ಸ, ಹದಿಮೂರನೆಯದು ಮೇಲಿನ ಸ. ಸಂಗೀತದ ಮೊದಲ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಹೇಳಿಕೊಡುವ ಪದ್ಧತಿ ಪುರಂದರದಾಸರಿಂದ ಬಂದದ್ದು ಎನ್ನುತ್ತದೆ ನಮ್ಮ ಪರಂಪರೆ. ಆ ರಾಗದ ಸ್ವರಗಳನ್ನು ಈ ಸಾಲಿನಲ್ಲಿ ಬರೆದು ನೋಡಿ: ಸ ಒಂದರಲ್ಲಿ, ರಿ ಎರಡರಲ್ಲಿ, ಗ ಐದರಲ್ಲಿ, ಮ ಆರರಲ್ಲಿ, ಪ ಎಂಟರಲ್ಲಿ, ದ ಒಂಬತ್ತರಲ್ಲಿ, ನಿ ಹನ್ನೆರಡರಲ್ಲಿ, ಮೇಲಿನ ಸ ಹದಿಮೂರರಲ್ಲಿ. ಪುಟ್ಟ ಹೆಜ್ಜೆ, ದೊಡ್ಡ ನೆಗೆತ, ಪುಟ್ಟ ಹೆಜ್ಜೆ; ನಡುವೆ ಒಂದು ಮನೆ ಬಿಟ್ಟು ಪ; ಮತ್ತೆ ಅದೇ ಪುಟ್ಟ ಹೆಜ್ಜೆ, ದೊಡ್ಡ ನೆಗೆತ, ಪುಟ್ಟ ಹೆಜ್ಜೆ. ಸರಿಗಮಕ್ಕೂ ಪದನಿಸಕ್ಕೂ ಒಂದೇ ಅಚ್ಚು ಎಂಬುದು ಮಗುವಿನ ಕಾಲಿಗೆ ತಿಳಿಯುತ್ತದೆ. ರಿ ಇಂದ ಗಕ್ಕೆ ಹಾರುವಾಗ ಬೀಳದಂತೆ ಮೈ ಬಿಗಿ ಹಿಡಿಯುತ್ತಾರಲ್ಲ, ಗಂಟಲಿನಲ್ಲೂ ಆ ಜಾಗ ಅಷ್ಟೇ ದೂರ. ಮೊಬೈಲಿನಲ್ಲಿ ಹಾರ್ಮೋನಿಯಂ ಆ್ಯಪ್ ಇದ್ದರೆ ಕರಿ ಬಿಳಿ ಮನೆಗಳೆರಡನ್ನೂ ಸಾಲಾಗಿ ಎಣಿಸಿಕೊಂಡು ನೀವು ಒಂದೊಂದೇ ಮನೆ ಒತ್ತಿ, ಮಕ್ಕಳು ಕೇಳಿ ಹಾರಲಿ. ಮೊಬೈಲಿನ ಕೆಲಸ ಅಲ್ಲಿಗೆ ಮುಗಿಯಿತು. ಇನ್ನೊಂದು ದಿನ ಅದೇ ಸಾಲನ್ನು ಮೋಹನ ರಾಗಕ್ಕೆ ಬರೆಯಿರಿ: ಒಂದು, ಮೂರು, ಐದು, ಎಂಟು, ಹತ್ತು, ಹದಿಮೂರು. ಮ ಮತ್ತು ನಿ ಇಲ್ಲಿಲ್ಲ. ಹಾರುವ ಲಯವೇ ಬದಲಾಗುತ್ತದೆ.

ಮೋಹನವನ್ನು ಹೇಳಿದ್ದಕ್ಕೆ ಕಾರಣವಿದೆ. ಅದರ ಐದು ಸ್ವರಗಳನ್ನು ಹಿಂದುಮುಂದಾಗಿ ಹೇಗೆ ನುಡಿಸಿದರೂ ಕಿವಿಗೆ ಕಹಿಯಾಗುವುದಿಲ್ಲ. ಮನೆಯಲ್ಲಿ ಜಲತರಂಗ ಮಾಡಲು ಇದಕ್ಕಿಂತ ತಕ್ಕ ರಾಗವಿಲ್ಲ. ಬೇರೆ ಬೇರೆ ಗಾತ್ರದ ಐದು ಪಿಂಗಾಣಿ ಬಟ್ಟಲುಗಳು, ಒಂದು ತಂಬಿಗೆ ನೀರು, ಎರಡು ಪೆನ್ಸಿಲ್ ತೆಗೆದುಕೊಳ್ಳಿ. ಗಾತ್ರ ಬೇರೆಯಿರಲೇಬೇಕು, ಏಕೆಂದರೆ ಒಂದೇ ಅಳತೆಯ ಬಟ್ಟಲುಗಳನ್ನು ನೀರೊಂದರಿಂದಲೇ ಅಷ್ಟು ದೂರ ಎಳೆಯಲಾಗದು. ಅತಿ ದೊಡ್ಡದನ್ನು ಸ ಮಾಡಿಕೊಂಡು ಉಳಿದವನ್ನು ಹೊಂದಿಸಿ. ಪೆನ್ಸಿಲಿನಿಂದ ಬಟ್ಟಲಿನ ಅಂಚಿಗೆ ಮೆಲ್ಲಗೆ ತಟ್ಟಬೇಕು. ಸ್ವರ ಎತ್ತರವಾಯಿತೇ, ಸ್ವಲ್ಪ ನೀರು ಹಾಕಿ. ತಗ್ಗಿತೇ, ಚಮಚದಿಂದ ತೆಗೆಯಿರಿ. ಒಂದೊಂದೇ ಚಮಚ ನೀರು ಹಾಕುತ್ತಾ ತಲೆ ಬಗ್ಗಿಸಿ ಕಿವಿ ಒಡ್ಡಿ ಕೂರುವ ಮಗುವನ್ನು ನೋಡಿದರೆ ನಿಮಗೇ ಗೊತ್ತಾಗುತ್ತದೆ, ಶ್ರುತಿ ಸೇರಿಸುವುದು ಎಂದರೆ ಇದೇ. ನುಡಿಸುವುದಕ್ಕಿಂತ ಹೊಂದಿಸುವುದೇ ಇಲ್ಲಿ ದೊಡ್ಡ ಆಟ, ಅವಸರ ಮಾಡಬೇಡಿ.

ಇಲ್ಲೇ ಒಂದು ಒಗಟನ್ನೂ ಮುಂದಿಡಬಹುದು. ಗಾಜಿನ ಬಾಟಲಿಗೆ ನೀರು ತುಂಬುತ್ತಾ ಪಕ್ಕಕ್ಕೆ ತಟ್ಟಿದರೆ ಸ್ವರ ಇಳಿಯುತ್ತದೆ. ಅದೇ ಬಾಟಲಿಯ ಬಾಯಿಗೆ ತುಟಿ ಇಟ್ಟು ಊದಿದರೆ, ನೀರು ಹೆಚ್ಚಾದಷ್ಟೂ ಸ್ವರ ಏರುತ್ತದೆ. ಏಕೆ ಎಂದು ಮಕ್ಕಳನ್ನೇ ಕೇಳಿ, ಉತ್ತರವನ್ನು ಬೇಗ ಕೊಡಬೇಡಿ. ತಟ್ಟಿದಾಗ ಅದುರುವುದು ಗಾಜು, ನೀರಿನ ಭಾರದಿಂದ ಅದರ ಅದುರಾಟ ನಿಧಾನವಾಗುತ್ತದೆ. ಊದಿದಾಗ ಅದುರುವುದು ಒಳಗಿನ ಗಾಳಿ, ನೀರು ಏರಿದಂತೆ ಗಾಳಿಯ ಜಾಗ ಕಿರಿದಾಗಿ ಅದುರಾಟ ಚುರುಕಾಗುತ್ತದೆ. ನಲ್ಲಿಯ ಕೆಳಗೆ ಕೊಡ ತುಂಬುತ್ತಾ ಬಂದ ಹಾಗೆ ಸದ್ದು ಏರುವುದೂ ಇದಕ್ಕೇ. ಕಣ್ಣು ಮುಚ್ಚಿಕೊಂಡು ಕೊಡ ತುಂಬಿತೆಂದು ಹೇಳುವ ಪಂದ್ಯ ಹಾಕಿ, ಅಜ್ಜಿಯೇ ಗೆಲ್ಲುತ್ತಾರೆ.

ಚಿಕ್ಕವಳಿಗೆ ಶಬ್ದದ ಡಬ್ಬಿಗಳು ಚೆನ್ನಾಗಿ ಒಗ್ಗುತ್ತವೆ. ಒಂದೇ ತರಹದ ಎಂಟು ಪುಟ್ಟ ಡಬ್ಬಿಗಳಲ್ಲಿ ಎರಡೆರಡಕ್ಕೆ ರಾಗಿ, ಹುರುಳಿ, ಅವರೆಕಾಳು, ಕಲ್ಲುಪ್ಪು ತುಂಬಿ ಮುಚ್ಚಳಕ್ಕೆ ಗಟ್ಟಿ ಟೇಪ್ ಸುತ್ತಿ. ಅಲ್ಲಾಡಿಸಿ, ಕಿವಿಯಿಂದಲೇ ಜೋಡಿ ಹುಡುಕಬೇಕು. ಇದು ಮರಿಯಾ ಮಾಂಟೆಸರಿ ಅವರ ಸಲಕರಣೆಗಳಲ್ಲಿ ಸೇರಿದ್ದು. ಅವರು 1939ರಲ್ಲಿ ಮದರಾಸಿಗೆ ಬಂದು ಎರಡನೆಯ ಮಹಾಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲೇ ಕಳೆದು ಶಿಕ್ಷಕರನ್ನು ತಯಾರು ಮಾಡಿದವರು. ರಾಗಿ ಮತ್ತು ಉಪ್ಪಿನ ವ್ಯತ್ಯಾಸ ಹೇಳುವುದು ದೊಡ್ಡವರಿಗೂ ಸುಲಭವಲ್ಲ. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸುಗಳಿದ್ದರೆ ಮಾತ್ರ ಕಾಳಿನ ಡಬ್ಬಿ ಅವರ ಕೈಗೆ ಸಿಗದಿರಲಿ.

ನೆಂಟರ ಮಕ್ಕಳು ಬಂದಾಗ ಎಲ್ಲರೂ ಸಂಗೀತ ಕುರ್ಚಿಯನ್ನೇ ಹಿಡಿಯುತ್ತಾರೆ. ನನಗೆ ಆ ಆಟದ ಮೇಲೆ ನಿಜವಾದ ಬೇಸರವಿದೆ. ಅದರಲ್ಲಿ ಸಂಗೀತ ನಿಲ್ಲುವುದನ್ನಷ್ಟೇ ಕೇಳಬೇಕು, ಸಂಗೀತವನ್ನಲ್ಲ. ಅಲ್ಲದೆ ಆಟ ಎಲ್ಲರಿಗಿಂತ ಹೆಚ್ಚು ಬೇಕಾಗಿರುವ ಪುಟ್ಟ ಮಗುವೇ ಮೊದಲು ಹೊರಗೆ ಹೋಗಿ ಗೋಡೆಗೆ ಒರಗಿ ನಿಲ್ಲುತ್ತದೆ. ಕುರ್ಚಿ ಕಡಿಮೆಯಾಗಲಿ, ಮಕ್ಕಳು ಕಡಿಮೆಯಾಗುವುದು ಬೇಡ. ಉಳಿದ ಕುರ್ಚಿಗಳಲ್ಲೇ ಎಲ್ಲರೂ ಹೇಗಾದರೂ ಸೇರಿ ಕೂರಬೇಕು ಎಂಬ ನಿಯಮ ಮಾಡಿ. ಕೊನೆಯ ಕುರ್ಚಿಯ ಮೇಲೆ ನಡೆಯುವ ಗದ್ದಲದಲ್ಲಿ ಯಾರೂ ಅಳುವುದಿಲ್ಲ. ಇದಕ್ಕಿಂತ ಚೆನ್ನಾದದ್ದು ಬಚ್ಚಿಟ್ಟ ವಸ್ತುವನ್ನು ಹಾಡಿನಿಂದ ಹುಡುಕಿಸುವುದು: ಹುಡುಕುವವರು ಹತ್ತಿರ ಹೋದಂತೆ ಉಳಿದವರ ಹಾಡು ಜೋರಾಗಬೇಕು, ದೂರ ಹೋದಂತೆ ಪಿಸುಗುಟ್ಟಬೇಕು. ಮೆಲ್ಲಗೆ ಹಾಡುವುದನ್ನು ಮಕ್ಕಳಿಗೆ ಬೇರೆ ದಾರಿಯಲ್ಲಿ ಕಲಿಸುವುದು ಬಲು ಕಷ್ಟ.

ಅಂತ್ಯಾಕ್ಷರಿ ನಿಮಗೆ ಗೊತ್ತೇ ಇದೆ. ಣ, ಳ ಬಂದರೆ ನ, ಲ ಎಂದು ಮೊದಲೇ ಒಪ್ಪಿಕೊಳ್ಳಿ, ಆಟ ಸಿಕ್ಕಿಕೊಳ್ಳುವುದು ಅಲ್ಲೇ. ಪದವಿಲ್ಲದೆ ಮಟ್ಟನ್ನು ಮಾತ್ರ ಗುನುಗಿ ಯಾವ ಹಾಡು ಎಂದು ಕೇಳುವ ಆಟ ಇನ್ನೂ ಮೇಲು. ಕೋಲಾಟಕ್ಕೆ ಹಳೆಯ ಪತ್ರಿಕೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿದರೆ ಬೆರಳಿಗೆ ಪೆಟ್ಟಾಗದ ಕೋಲುಗಳು ಸಿದ್ಧ. ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ಕಣ್ಣಾಮುಚ್ಚಾಲೆಯ ಪದ, ಬೆರಳು ಎಣಿಸುವ ಪದ, ಯಾರು ಕಳ್ಳ ಎಂದು ಆರಿಸುವ ಪದಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಊರಿಂದ ಊರಿಗೆ ಅವು ಬೇರೆಯಾಗುತ್ತವೆ, ಅರ್ಥವಿಲ್ಲದ ಪದಗಳಲ್ಲೂ ಲಯ ಒಂದಿಷ್ಟೂ ತಪ್ಪುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಕೇಳಿಕೊಳ್ಳುವುದೊಂದಿದೆ. ನೆಂಟರ ಮುಂದೆ ನಿಲ್ಲಿಸಿ ಒಂದು ಹಾಡು ಹೇಳು ಎಂದು ಒತ್ತಾಯಿಸಬೇಡಿ. ನನ್ನ ಬಳಿ ಬರುತ್ತಿದ್ದ ಹುಡುಗನೊಬ್ಬನಿಗೆ ಶಾಲೆಯ ಸಮೂಹಗಾನದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಬರೀ ತುಟಿ ಆಡಿಸು ಎಂದಿದ್ದರಂತೆ. ಅವನು ಎಷ್ಟೋ ದಿನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಜಲತರಂಗದ ಬಟ್ಟಲು ಹೊಂದಿಸುವಾಗ ನೀರು ಸಾಕೋ ಬೇಕೋ ಎಂದು ಎಲ್ಲರಿಗಿಂತ ಮೊದಲು ಹೇಳುತ್ತಿದ್ದವನು ಅವನೇ. ಅವನ ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ. ಅವನ ಗಂಟಲಿಗೆ ಸಲ್ಲದ ಶ್ರುತಿಯಲ್ಲಿ ಹಾಡಿಸಿದ್ದರು, ಅಷ್ಟೇ. ಹಾರ್ಮೋನಿಯಂನ ಬಿಳಿ ಮನೆಗಳನ್ನಷ್ಟೇ ಎಣಿಸುವ ಲೆಕ್ಕದಲ್ಲಿ ಗಂಡಸರು ಸಾಮಾನ್ಯವಾಗಿ ಒಂದು ಅಥವಾ ಎರಡು ಮನೆ ಶ್ರುತಿಯಲ್ಲಿ ಹಾಡುತ್ತಾರೆ, ಹೆಂಗಸರು ಐದರ ಆಸುಪಾಸಿನಲ್ಲಿ. ಮಕ್ಕಳ ಗಂಟಲು ತಂದೆಯ ಶ್ರುತಿಗೆ ಇಳಿಯುವುದಿಲ್ಲ. ಅಪಸ್ವರ ಎಂದು ಬೈಯುವ ಮೊದಲು ಶ್ರುತಿಯನ್ನು ಬದಲಿಸಿ ನೋಡಬೇಕು.

ಎಷ್ಟು ಹೊತ್ತು ಎಂದೂ ಕೇಳಿದ್ದೀರಿ. ಮಗಳಿಗೆ ಹತ್ತು ಹದಿನೈದು ನಿಮಿಷ ಸಾಕು, ಅವಳು ಎದ್ದು ಹೋದರೆ ಹೋಗಲಿ. ಮಗ ಇನ್ನೂ ಹೆಚ್ಚು ಹೊತ್ತು ಕೂರುತ್ತಾನೆ. ದುಡ್ಡು ಕೊಟ್ಟು ಏನಾದರೂ ತರಲೇಬೇಕೆಂದಿದ್ದರೆ ಆಟಿಕೆಯ ಕೀಬೋರ್ಡ್ ತರಬೇಡಿ, ಅಂಥ ಹಲವದರಲ್ಲಿ ಸ್ವರಗಳೇ ಸರಿಯಾಗಿರುವುದಿಲ್ಲ, ಮಗುವಿನ ಕಿವಿ ಅದನ್ನೇ ಸರಿಯೆಂದು ಹಿಡಿದುಕೊಳ್ಳುತ್ತದೆ. ಒಂದು ಜೊತೆ ಹಿತ್ತಾಳೆಯ ತಾಳ, ಚನ್ನಪಟ್ಟಣದ ಒಂದು ಮರದ ಗಿಲಕಿ ಇದ್ದರೆ ಬೇಕಾದಷ್ಟಾಯಿತು. ಪಾಠಕ್ಕೆ ಸೇರಿಸುವ ವಿಚಾರ ಬಂದಾಗ, ಮಗನೇ ಕೇಳುವವರೆಗೆ ಕಾಯಿರಿ. ಕೇಳಿದ ಮೇಲೆ ಯಾವ ಗುರುಗಳ ಬಳಿ ಕರೆದುಕೊಂಡು ಹೋದರೂ, ಇವನಿಗೆ ಯಾವ ಶ್ರುತಿ ಹೊಂದುತ್ತದೆ ಎಂದು ಮೊದಲ ದಿನವೇ ಕೇಳಿ. ಮಗುವಿನ ಗಂಟಲು ಕೇಳಿ ನೋಡದೆ ಉತ್ತರಿಸುವವರಾದರೆ ಇನ್ನೊಬ್ಬ ಗುರುಗಳನ್ನು ಹುಡುಕಿ.