ಸಿಎ ಇಂಟರ್ ಮೊದಲ ಅಟೆಂಪ್ಟ್‌ನಲ್ಲೇ ಪಾಸಾಗುವ ಸಾಧ್ಯತೆ ನಿಜವಾಗಿ ಎಷ್ಟು?

ನಿಮ್ಮ ತಂಗಿ ಬಿ.ಕಾಂ. ಮುಗಿಸಿ ಡೈರೆಕ್ಟ್ ಎಂಟ್ರಿಯಲ್ಲಿ, ಅಂದರೆ ಮೊದಲ ಹಂತದ ಪರೀಕ್ಷೆ ಬರೆಯದೆ ನೇರವಾಗಿ, ಸಿಎ ಕೋರ್ಸಿನ ಎರಡನೇ ಹಂತವಾದ ಇಂಟರ್‌ಗೆ ಸೇರಿದ್ದಾಳೆ, ನೂರರಲ್ಲಿ ಹತ್ತು ಜನವೂ ಪಾಸಾಗಲ್ಲ ಅಂತ ಮನೆಯಲ್ಲಿ ಹೆದರಿಸುತ್ತಿದ್ದಾರೆ, ಮೊದಲ ಸಲಕ್ಕೇ ಆಗುತ್ತಾ ಅಂತ ಕೇಳಿದ್ದೀರಿ. ನಾನು ಸಿಎ. ದಾವಣಗೆರೆಯಲ್ಲಿ ಸಣ್ಣದೊಂದು ಆಫೀಸ್ ಇದೆ. ಆರ್ಟಿಕಲ್‌ಶಿಪ್‌ಗೆ (ಸಿಎ ಹತ್ತಿರ ಮಾಡುವ ಕಡ್ಡಾಯ ತರಬೇತಿಗೆ) ಬರುವ ಹುಡುಗ ಹುಡುಗಿಯರನ್ನು ವರ್ಷಾನುಗಟ್ಟಲೆ ನೋಡುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಆ ಪರ್ಸೆಂಟೇಜ್ ವಿಷಯ. ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐ ಪ್ರತಿ ಫಲಿತಾಂಶದ ಜೊತೆ ಎಷ್ಟು ಜನ ಬರೆದರು, ಎಷ್ಟು ಜನ ಪಾಸಾದರು ಅಂತ ಕೊಡುತ್ತದೆ. ಇಂಟರ್‌ನ ಪೇಪರ್‌ಗಳು ಎರಡು ಗ್ರೂಪ್‌ಗಳಲ್ಲಿವೆ, ಎರಡೂ ಗ್ರೂಪ್ ಒಟ್ಟಿಗೆ ಬರೆದವರ ಲೆಕ್ಕ ನೋಡಿ. 2024ರ ಮೇ ತಿಂಗಳಲ್ಲಿ ಶೇ. 18.42. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶೇ. 5.66. 2025ರ ಜನವರಿಯಲ್ಲಿ ಮತ್ತೆ ಶೇ. 14.05. ಸಿಲಬಸ್ ಅದೇ, ನಿಯಮ ಅದೇ. ನಾಲ್ಕು ತಿಂಗಳಲ್ಲಿ ಪರೀಕ್ಷೆ ಮೂರು ಪಟ್ಟು ಕಷ್ಟವಾಗಿ, ಇನ್ನು ನಾಲ್ಕು ತಿಂಗಳಲ್ಲಿ ಸುಲಭವಾಯಿತಾ? ಪೇಪರ್ ಸ್ವಲ್ಪ ಹೆಚ್ಚು ಕಡಿಮೆ ಆಗಿರಬಹುದು. ಆದರೆ ದೊಡ್ಡ ವ್ಯತ್ಯಾಸ ಯಾರು ಬರೆದರು ಅನ್ನುವುದರಲ್ಲಿದೆ. ಮೇ ತಿಂಗಳಲ್ಲಿ ಎರಡೂ ಗ್ರೂಪ್ ಬರೆದವರು ಸುಮಾರು 60 ಸಾವಿರ. ಸೆಪ್ಟೆಂಬರ್‌ನಲ್ಲಿ 24 ಸಾವಿರದ ಒಳಗೆ. ಮೇನಲ್ಲಿ ಫೇಲಾದವರೇ ಉಸಿರು ತೆಗೆದುಕೊಳ್ಳದೆ ಮತ್ತೆ ಬಂದು ಕೂತದ್ದು ಜಾಸ್ತಿ ಅಂತ ನನ್ನ ಅಂದಾಜು. ಮೇ ಪರೀಕ್ಷೆಯ ಫಲಿತಾಂಶ ಬರುವುದೇ ಜುಲೈನಲ್ಲಿ. ಸೆಪ್ಟೆಂಬರ್‌ಗೆ ಓದಲು ಎರಡು ತಿಂಗಳೂ ಸರಿಯಾಗಿ ಸಿಗುವುದಿಲ್ಲ.

ಇನ್ನೊಂದು ಮಾತು. ಆ ಪಟ್ಟಿಯಲ್ಲಿ ಮೊದಲ ಸಲ ಬರೆದವರು, ಐದನೇ ಸಲ ಬರೆದವರು ಎಲ್ಲ ಸೇರಿಕೊಂಡಿರುತ್ತಾರೆ. ಅಪ್ಪ ಹೇಳಿದರು ಅಂತ ಸುಮ್ನೆ ಹೋಗಿ ಕೂತು ಬಂದವರೂ ಅದರಲ್ಲೇ. ಹಾಗಾಗಿ ಶೇ. 14 ಅಂದರೆ ನಿಮ್ಮ ತಂಗಿಗೆ ನೂರಕ್ಕೆ 14 ಅವಕಾಶ ಅಂತ ಅರ್ಥ ಅಲ್ಲವೇ ಅಲ್ಲ. ಇದು ಲಾಟರಿ ಅಲ್ಲ, ಎಲ್ಲರ ಕೈಯಲ್ಲೂ ಒಂದೇ ಥರದ ಚೀಟಿ ಇರುವುದಿಲ್ಲ.

ಹಾಗಾದರೆ ಓದಿದವರೂ ಯಾಕೆ ಫೇಲಾಗುತ್ತಾರೆ? ನಾನು ನೋಡಿದ ಮಟ್ಟಿಗೆ ಹೆಚ್ಚಿನವರನ್ನು ಬೀಳಿಸುವುದು ಆಗ್ರಿಗೇಟ್, ಅಂದರೆ ಗ್ರೂಪ್‌ನ ಒಟ್ಟು ಅಂಕ. ಹೊಸ ಸ್ಕೀಮ್‌ನಲ್ಲಿ ಆರು ಪೇಪರ್, ಮೂರು ಮೂರರಂತೆ ಎರಡು ಗ್ರೂಪ್. ಪ್ರತಿ ಪೇಪರ್‌ನಲ್ಲಿ ಕನಿಷ್ಠ 40 ಬೇಕು, ಜೊತೆಗೆ ಗ್ರೂಪ್‌ನ ಒಟ್ಟು ಅಂಕ 300ಕ್ಕೆ ಕನಿಷ್ಠ 150 ಬರಬೇಕು. ಅಕೌಂಟ್ಸ್‌ನಲ್ಲಿ 48, ಲಾನಲ್ಲಿ 44, ಟ್ಯಾಕ್ಸ್‌ನಲ್ಲಿ 45 ಬಂತು ಅಂದುಕೊಳ್ಳಿ. ಮೂರರಲ್ಲೂ ಪಾಸ್ ಮಾರ್ಕ್ಸ್ ಇದೆ. ಒಟ್ಟು 137. ಗ್ರೂಪ್ ಫೇಲ್! ಡಿಗ್ರಿ ಪರೀಕ್ಷೆಯ ಅಭ್ಯಾಸದಲ್ಲಿ ‘ಪಾಸಾದರೆ ಸಾಕು’ ಅಂತ ಎಲ್ಲವನ್ನೂ ಅಷ್ಟಷ್ಟು ಓದಿದವರು ಸಿಕ್ಕಿಬೀಳುವುದು ಇಲ್ಲೇ. ಎಲ್ಲೋ ಒಂದು ಪೇಪರ್‌ನಲ್ಲಿ 60, 65 ಎಳೆಯಲೇಬೇಕು.

ಆ 60ಕ್ಕೆ ಇನ್ನೊಂದು ಲಾಭವೂ ಇದೆ. ಗ್ರೂಪ್‌ನ ಎಲ್ಲ ಪೇಪರ್ ಬರೆದು, ಗ್ರೂಪ್ ಹೋದರೂ, 60 ಬಂದ ಪೇಪರ್‌ಗೆ ಎಕ್ಸೆಂಪ್ಷನ್ ಸಿಗುತ್ತದೆ. ಮುಂದಿನ ಮೂರು ಪರೀಕ್ಷೆಗಳವರೆಗೆ ಅದನ್ನು ಮತ್ತೆ ಬರೆಯಬೇಕಾಗಿಲ್ಲ.

ಎರಡೂ ಗ್ರೂಪ್ ಒಟ್ಟಿಗಾ, ಒಂದೊಂದಾಗಿಯಾ? ಈ ಚರ್ಚೆ ಪ್ರತಿ ಮನೆಯಲ್ಲೂ ನಡೆಯುತ್ತದೆ. ಮೇಲಿನ 137ರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅದೇ ಹುಡುಗಿ ಎರಡನೇ ಗ್ರೂಪನ್ನೂ ಬರೆದಿದ್ದಳು, ಎಲ್ಲ ಪೇಪರ್‌ನಲ್ಲೂ 40 ದಾಟಿ ಅಲ್ಲಿ 170 ಬಂತು ಅಂದರೆ ಒಟ್ಟು 307. ಆಗ 600ಕ್ಕೆ 300 ದಾಟಿದ ಲೆಕ್ಕದಲ್ಲಿ ಎರಡೂ ಗ್ರೂಪ್ ಪಾಸ್. ಬಲವಾದ ಗ್ರೂಪ್ ಬಡವಾದ ಗ್ರೂಪನ್ನು ಎತ್ತಿಬಿಡುತ್ತದೆ. ಇದೊಂದೇ ಕಾರಣಕ್ಕೆ, ಬೇರೆ ಕೆಲಸ ಇಲ್ಲದೆ ಪೂರ್ತಿ ಓದುತ್ತಿರುವವರಿಗೆ ನಾನು ಎರಡೂ ಬರೆಯಿರಿ ಅಂತಲೇ ಹೇಳುವುದು. ಕೆಲಸಕ್ಕೆ ಹೋಗುತ್ತಾ ಓದುವವರಿಗೆ ಹೇಳುವುದಿಲ್ಲ. ಆರು ಪೇಪರ್‌ಗಳನ್ನು ಪರೀಕ್ಷೆಗೆ ಮುಂಚೆ ಇನ್ನೊಮ್ಮೆ ತಿರುಗಿಸಿ ಓದಲು ಅವರಿಗೆ ಸಮಯವೇ ಸಿಗುವುದಿಲ್ಲ.

ನಿಮ್ಮ ತಂಗಿ ಕನ್ನಡ ಮೀಡಿಯಂನಲ್ಲಿ ಓದಿದ್ದು ಅಂತ ಬರೆದಿದ್ದೀರಿ. ಇದರ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬಹುದು. ಕನ್ನಡದಲ್ಲಿ ಅವಕಾಶ ಇಲ್ಲ. ನಾನೂ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಕಾಸ್ಟಿಂಗ್, ಅಕೌಂಟ್ಸ್‌ನಲ್ಲಿ ತೊಂದರೆಯೇ ಇಲ್ಲ, ಅಂಕಿಗಳಿಗೆ ಭಾಷೆಯ ಹಂಗು ಕಡಿಮೆ. ಹೊಡೆತ ಬೀಳುವುದು ಲಾ ಮತ್ತು ಆಡಿಟ್‌ನಲ್ಲಿ. ವಿಷಯ ಗೊತ್ತಿರುತ್ತದೆ, ಬಾಯಲ್ಲಿ ಕೇಳಿದರೆ ಕನ್ನಡದಲ್ಲಿ ಪಟಪಟ ಹೇಳುತ್ತಾರೆ. ಆದರೆ ಪೇಪರ್‌ನಲ್ಲಿ ಕಾನೂನಿನ ಪದಗಳನ್ನೇ ಬಳಸಿ ಮೂರು ಸಾಲು ಬರೆಯಲು ಪೆನ್ ಓಡುವುದಿಲ್ಲ. ಇದಕ್ಕೆ ಇಂಗ್ಲಿಷ್ ಸ್ಪೀಕಿಂಗ್ ಕ್ಲಾಸ್ ಬೇಡ, ದುಡ್ಡು ದಂಡ. ಐಸಿಎಐ ಹಳೇ ಪರೀಕ್ಷೆಗಳ ಸಜೆಸ್ಟೆಡ್ ಆನ್ಸರ್‌ಗಳನ್ನು (ಮಾದರಿ ಉತ್ತರಗಳನ್ನು) ವೆಬ್‌ಸೈಟಿನಲ್ಲಿ ಪುಕ್ಕಟೆ ಹಾಕಿದೆ. ದಿನಕ್ಕೆ ಎರಡು ಉತ್ತರ ಓದಿ, ಪುಸ್ತಕ ಮುಚ್ಚಿ, ಮತ್ತೆ ಬರೆಯಲಿ. ಮೂರ್ನಾಲ್ಕು ತಿಂಗಳಲ್ಲಿ ಅದೇ ನಾಲ್ಕೈದು ಬಗೆಯ ವಾಕ್ಯಗಳು ತಿರುತಿರುಗಿ ಬರುತ್ತವೆ ಅಂತ ಅವಳಿಗೇ ಗೊತ್ತಾಗುತ್ತದೆ. ಸಮಾಧಾನದ ವಿಷಯ ಅಂದರೆ 100ರಲ್ಲಿ 30 ಅಂಕ ಎಂಸಿಕ್ಯೂ, ಅಂದರೆ ಸರಿಯುತ್ತರ ಆರಿಸುವ ಪ್ರಶ್ನೆಗಳು. ಇಂಟರ್‌ನಲ್ಲಿ ಅದಕ್ಕೆ ನೆಗೆಟಿವ್ ಮಾರ್ಕಿಂಗ್ ಇಲ್ಲ. ಬರೆಯುವುದರಲ್ಲಿ ಹಿಂದಿರುವವರು ಅಲ್ಲಿ 22, 24 ತೆಗೆದರೆ ಅರ್ಧ ಭಾರ ಇಳಿದ ಹಾಗೆ.

ಟ್ಯಾಕ್ಸ್ ಪೇಪರ್‌ಗೆ ಸೀನಿಯರ್ ಕೊಟ್ಟ ಹಳೇ ಪುಸ್ತಕ ಇಟ್ಟುಕೊಳ್ಳಬೇಡಿ. ಬಜೆಟ್ ಬದಲಾದರೆ ಸ್ಲ್ಯಾಬ್ ಬದಲಾಗುತ್ತದೆ, ಉತ್ತರವೂ ಬದಲಾಗುತ್ತದೆ. ಯಾವ ಅಟೆಂಪ್ಟ್‌ಗೆ ಯಾವ ತಿದ್ದುಪಡಿ ಅನ್ವಯ ಅನ್ನುವುದನ್ನು ಐಸಿಎಐ ಮೊದಲೇ ಹೇಳುತ್ತದೆ.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಸಾಧ್ಯತೆ ತಿಳಿಯಬೇಕಾದರೆ ದೇಶದ ಪರ್ಸೆಂಟೇಜ್ ಬಿಟ್ಟು ಅವಳ ಮಾಕ್ ಟೆಸ್ಟ್ (ಅಭ್ಯಾಸ ಪರೀಕ್ಷೆ) ನೋಡಿ. ಪರೀಕ್ಷೆ ಮಧ್ಯಾಹ್ನ 2ರಿಂದ 5. ಅದೇ ಹೊತ್ತಿಗೆ, ಫೋನ್ ಆಚೆ ಇಟ್ಟು, ಪೂರ್ತಿ ಮೂರು ಗಂಟೆ ಬರೆಯಲಿ. ತಿದ್ದುವುದು ಅವಳಲ್ಲ, ಬೇರೆ ಯಾರಾದರೂ ಸಿಎ ಅಥವಾ ಸೀನಿಯರ್, ಕೈ ಬಿಗಿಹಿಡಿದು. ಹಾಗೆ ತಿದ್ದಿದರೂ ಆರರಲ್ಲೂ 50ರ ಆಸುಪಾಸು, ಎರಡರಲ್ಲಿ 60 ಬರುತ್ತಿದ್ದರೆ, ನನ್ನ ಪ್ರಕಾರ ಅವಕಾಶ ಅರ್ಧಕ್ಕಿಂತ ಜಾಸ್ತಿಯೇ ಇದೆ. ಎಲ್ಲದರಲ್ಲೂ 42, 43ರಲ್ಲೇ ಓಡಾಡುತ್ತಿದ್ದರೆ ಎಷ್ಟು ಗಂಟೆ ಓದಿದಳು ಅನ್ನುವ ಲೆಕ್ಕ ಬೇಡ, ಕಷ್ಟ ಇದೆ. ಮಾಕ್ ಬರೆಯಲೇ ಒಪ್ಪುತ್ತಿಲ್ಲ ಅಂದರೆ ಇನ್ನೂ ಕಷ್ಟ. ನಮ್ಮ ಆಫೀಸಿಗೆ ಮೊದಲ ಸಲಕ್ಕೇ ಎರಡೂ ಗ್ರೂಪ್ ಮುಗಿಸಿ ಬಂದವರು ಕಡಿಮೆ, ಆದರೆ ಅವರಲ್ಲಿ ಮಾಕ್ ಬರೆಯದೆ ಬಂದವರನ್ನು ನಾನು ನೋಡಿಲ್ಲ.

ಈ ಮಾಕ್‌ಗಳನ್ನು ಎಕ್ಸಾಮ್ ಫಾರ್ಮ್ ತುಂಬುವ ಹೊತ್ತಿಗೆ ಒಂದು ಸುತ್ತು ಮುಗಿಸಿಬಿಡಿ. ಪರೀಕ್ಷೆಯ ಫೀಸ್ ಒಂದು ಗ್ರೂಪ್‌ಗೆ 1,500 ರೂಪಾಯಿ, ಎರಡಕ್ಕೂ 2,700. ಫಾರ್ಮ್ ಮುಗಿದ ಮೇಲೆ ಕೆಲವು ದಿನ ಕರೆಕ್ಷನ್ ವಿಂಡೋ ತೆರೆದಿರುತ್ತದೆ, ಗ್ರೂಪ್ ಬದಲಾಯಿಸಲು ಅದೇ ಕೊನೆಯ ಅವಕಾಶ. ಮಾಕ್ ಅಂಕ ಬಂದ ಮೇಲೆ ಬೇಕಿದ್ದರೆ ಇಲ್ಲಿ ಬರೆಯಿರಿ, ಯಾವ ಪೇಪರ್‌ನಲ್ಲಿ ಎಳೆಯಬಹುದು ಅಂತ ನೋಡಿ ಹೇಳುತ್ತೇನೆ.